ಮುಳ್ಳು ಎಲ್ಲಿಂದ ಎದ್ದಿದೆ, ಮೊದಲು ಅದನ್ನು ನೋಡಿ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಮುಳ್ಳಿನ ಕಳೆಗಳವು. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಮೈತುಂಬ ಮುಳ್ಳು’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಕನ್ನಡದಲ್ಲಿ ಎಲ್ಲಕ್ಕೂ ಮುಳ್ಳು ಎಂಬ ಒಂದೇ ಮಾತು. ಗಿಡಗಳ ಲೆಕ್ಕ ಹಾಗಿಲ್ಲ. ಗುಲಾಬಿಯ ಮುಳ್ಳು ಸಿಪ್ಪೆಯಿಂದ ಎದ್ದದ್ದು, ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿದರೆ ಚಕ್ಕೆಯಂತೆ ಕಳಚುತ್ತದೆ. ನಿಂಬೆಯ ಮುಳ್ಳು ಕೊಂಬೆಯದೇ ರೂಪ, ಎಲೆಯ ಕಂಕುಳಲ್ಲಿ ಹುಟ್ಟುತ್ತದೆ, ಒತ್ತಿದರೆ ಜಗ್ಗುವುದಿಲ್ಲ. ಮುಳ್ಳು ಕಾಂಡದಲ್ಲಿದೆಯೋ, ಎಲೆಯ ನರದ ಮೇಲಿದೆಯೋ, ಗೆಣ್ಣಿನಲ್ಲಿ ಜೋಡಿಯಾಗಿದೆಯೋ, ಕಾಯಿಗೆ ಮಾತ್ರ ಇದೆಯೋ ಎಂದು ಬರೆದರೆ ಅರ್ಧ ಗುರುತು ಸಿಕ್ಕಂತೆ.

ಪ್ರಶ್ನೆ: ಅಡಿಕೆ ತೋಟದ ಅಂಚಿನಲ್ಲಿ, ಗೊಬ್ಬರಗುಂಡಿಯ ಪಕ್ಕ, ಬದನೆ ಜಾತಿಯದು ಎನ್ನಿಸುವ ಗಿಡ ಸೊಂಟದೆತ್ತರ ಬಂದಿದೆ. ಎಲೆಯ ಮೇಲೂ ಕೆಳಗೂ ಸೂಜಿಯಂಥ ಮುಳ್ಳು. ಬಿಳಿ ಹೂ. ಕಾಯಿ ಗೋಲಿಗಿಂತ ತುಸು ದೊಡ್ಡದು, ಪುಟ್ಟ ಕಲ್ಲಂಗಡಿಯ ಹಾಗೆ ಪಟ್ಟೆ. ಕೆಲವರು ನೆಲಗುಳ್ಳ, ಔಷಧಿಗೆ ಬರುತ್ತದೆ, ಇರಲಿ ಎನ್ನುತ್ತಾರೆ. ಕೀಳಬೇಕೋ ಬಿಡಬೇಕೋ?
– ಸಾಗರ

ಉತ್ತರ: ಕೀಳಿ. ಇದು ನೆಲಗುಳ್ಳವಲ್ಲ, ಸೊಲಾನಮ್ ವಯೇರಮ್ ಎಂಬ ದಕ್ಷಿಣ ಅಮೆರಿಕದ ಗಿಡ. ನೆಲಗುಳ್ಳ ಹೆಸರಿಗೆ ತಕ್ಕಂತೆ ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ, ಸೊಂಟದೆತ್ತರಕ್ಕೆ ಏಳುವುದಿಲ್ಲ. ಅದರ ಹೂ ನೇರಳೆ, ನಿಮ್ಮ ಗಿಡದ್ದು ಬಿಳಿ. ಇವೆರಡರಲ್ಲೇ ಅನುಮಾನ ತೀರುತ್ತದೆ. ಕಾಯಿ ನೋಡಿದವರು ಮಾತ್ರ ಮೋಸಹೋಗುತ್ತಾರೆ: ಎರಡರ ಎಳೆಗಾಯಿಯೂ ಬಿಳಿ-ಹಸಿರು ಪಟ್ಟೆಯದು, ಎರಡೂ ಹಣ್ಣಾದಾಗ ಹಳದಿ.

ಖಾತ್ರಿ ಮಾಡಿಕೊಳ್ಳಲು ಒಂದು ಬಲಿತ ಎಲೆ ಕೊಯ್ದು ಬೆಳಕಿಗೆ ಹಿಡಿಯಿರಿ. ಅಂಗೈಯಷ್ಟು ಅಗಲ, ಅಂಚಿನಲ್ಲಿ ಐದಾರು ಮೊಂಡು ಕಚ್ಚು, ಮುಟ್ಟಿದರೆ ಮಕಮಲ್ಲಿನಂತೆ ಮೃದು. ಆ ಮೃದುವಿನ ನಡುವೆ ಮುಖ್ಯ ನರಗಳ ಮೇಲೆ ಒಂದು ಸೆಂಟಿಮೀಟರಿಗೂ ಉದ್ದದ ನೆಟ್ಟಗಿನ ಮುಳ್ಳುಗಳು ಲಂಬವಾಗಿ ನಿಂತಿರುತ್ತವೆ. ಎಲೆ ತೊಟ್ಟಿನಲ್ಲೂ ಅಷ್ಟೇ ಮುಳ್ಳು. ಹೂಗಳು ಎಲೆಗಳ ಅಡಿಯಲ್ಲಿ ಮುಚ್ಚಿಕೊಂಡಿದ್ದು, ಬಿಳಿ ಎಸಳು ಹಿಂದಕ್ಕೆ ಮಡಚಿರುತ್ತದೆ. ಕಾಯಿಯ ಅಡ್ಡಳತೆ ಎರಡರಿಂದ ಮೂರು ಸೆಂಟಿಮೀಟರ್.

ಇದೇ ಮನೆತನದ ಇನ್ನಿಬ್ಬರನ್ನೂ ಇದರೊಂದಿಗೆ ಬೆರೆಸಬೇಡಿ. ಹಣ್ಣು ಕಿತ್ತಳೆ-ಕೆಂಪಾಗಿ, ಒಡೆದಾಗ ಬೀಜದ ಸುತ್ತ ಕಾಗದದಂಥ ತೆಳು ಅಂಚು ಕಂಡರೆ ಅದು ಸೊಲಾನಮ್ ಕ್ಯಾಪ್ಸಿಕಾಯ್ಡಿಸ್. ಆಳೆತ್ತರಕ್ಕೂ ಮೀರಿದ ಪೊದೆ, ಕಾಂಡದಲ್ಲಿ ಅಲ್ಲೊಂದು ಇಲ್ಲೊಂದು ದಪ್ಪಬುಡದ ಮುಳ್ಳು, ಬಟಾಣಿಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿಗಳ ಗೊಂಚಲು ಇದ್ದರೆ ಅದು ಸುಂಡೆ. ಸುಂಡೆ ಕಳೆಯಲ್ಲ, ಕಾಯಿ ಅಡುಗೆಗೆ ಬರುತ್ತದೆ. ಸೊರಗು ರೋಗ ತಡೆಯಲು ಬದನೆಯನ್ನು ಇದರ ಬೇರುಸಸಿಯ ಮೇಲೆ ಕಸಿ ಕಟ್ಟುವವರೂ ಇದ್ದಾರೆ. ಅದನ್ನು ಇಟ್ಟುಕೊಳ್ಳಿ. ಮುಳ್ಳಿದ್ದ ಮಾತ್ರಕ್ಕೆ ಬದನೆ ಮನೆತನದ್ದೆಲ್ಲ ಕೆಟ್ಟದ್ದಲ್ಲ, ನಮ್ಮ ಮಟ್ಟುಗುಳ್ಳಕ್ಕೂ ತೊಟ್ಟಿನಲ್ಲಿ ಮುಳ್ಳಿದೆ.

‘ಔಷಧಿಗೆ ಬರುತ್ತದೆ’ ಎಂಬ ಮಾತು ಪೂರ್ತಿ ಗಾಳಿಮಾತಲ್ಲ. ದಶಮೂಲದ ಹತ್ತು ಬೇರುಗಳಲ್ಲಿ ನೆಲಗುಳ್ಳದ್ದೂ ಒಂದು. ನಿಮ್ಮಲ್ಲಿರುವ ವಯೇರಮ್‌ನ ಕಾಯಿಯಲ್ಲೂ ಸೊಲಸೋಡಿನ್ ಎಂಬ ವಸ್ತುವಿದೆ. ಸ್ಟೀರಾಯ್ಡ್ ಔಷಧಿಗಳ ಕಚ್ಚಾವಸ್ತುವಾಗಿ ಅದಕ್ಕೆ ಬೇಡಿಕೆಯಿದ್ದ ಕಾಲದಲ್ಲಿ ಇದನ್ನು ಹೊಲದಲ್ಲಿ ಬೆಳೆಸಿದ್ದುಂಟು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮುಳ್ಳು ಕಡಿಮೆಯಿರುವ ‘ಅರ್ಕಾ ಸಂಜೀವಿನಿ’ ತಳಿಯನ್ನೇ ಹೊರತಂದಿತ್ತು. ಹಾಗಂತ ಮನೆಯಲ್ಲಿ ಕಷಾಯ ಕಾಯಿಸುವ ಗಿಡ ಇದಲ್ಲ. ಹಸಿ ಕಾಯಿ ವಿಷ. ಹಳದಿ ಹಣ್ಣು ಮಕ್ಕಳ ಕಣ್ಣು ಸೆಳೆಯುತ್ತದೆ, ಅದಕ್ಕಾಗಿಯಾದರೂ ಮನೆಯ ಹತ್ತಿರ ಬಿಡಬೇಡಿ. ಬದನೆ, ಟೊಮೆಟೊ, ಆಲೂಗಡ್ಡೆಗೆ ಬರುವ ಕೆಲವು ವೈರಸ್ ರೋಗಗಳಿಗೂ ಇದು ಬೀಡು.

ಗೊಬ್ಬರಗುಂಡಿಯ ಪಕ್ಕವೇ ಏಕೆ ಎದ್ದಿತು? ದನ ಎಲೆಗೆ ಬಾಯಿ ಹಾಕುವುದಿಲ್ಲ, ಹಣ್ಣನ್ನು ಮಾತ್ರ ಆಸೆಪಟ್ಟು ತಿನ್ನುತ್ತದೆ. ಒಂದೊಂದು ಹಣ್ಣಿನಲ್ಲಿ 200ರಿಂದ 400 ಬೀಜ. ಸಗಣಿಯಲ್ಲಿ ಹಾದುಬಂದರೂ ಅವಕ್ಕೆ ಏನೂ ಆಗುವುದಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1988ರಲ್ಲಿ ಮೊದಲು ಕಾಣಿಸಿಕೊಂಡ ಈ ಗಿಡ ಕೆಲವೇ ವರ್ಷಗಳಲ್ಲಿ ಹುಲ್ಲುಗಾವಲುಗಳನ್ನು ಆವರಿಸಿದ್ದು ಮುಖ್ಯವಾಗಿ ದನಗಳ ಸಾಗಣೆಯಿಂದ. ಹಣ್ಣು ತಿಂದ ದನವನ್ನು ಬೇರೆಡೆ ಬಿಡುವ ಮುನ್ನ ಆರು ದಿನ ಒಂದೇ ಕಡೆ ಕಟ್ಟಿಹಾಕಬೇಕು ಎಂಬುದು ಅಲ್ಲಿನ ಸಲಹೆ. ಹೊಟ್ಟೆಯಲ್ಲಿದ್ದ ಬೀಜ ಅಷ್ಟರಲ್ಲಿ ಹೊರಬಿದ್ದಿರುತ್ತದೆ. ನಿಮ್ಮ ಕೊಟ್ಟಿಗೆಗೂ ಇದೇ ಲೆಕ್ಕ. ಆ ಆರು ದಿನದ ಸಗಣಿಯನ್ನು ತೋಟಕ್ಕೆ ಹಾಕದೆ ಬಯೋಗ್ಯಾಸಿಗೋ ಬೆರಣಿಗೋ ಬಳಸಿ.

ಕೀಳುವ ಕ್ರಮ ಹೀಗೆ. ದಪ್ಪ ಚರ್ಮದ ಕೈಗವಸು ಹಾಕಿ. ರಬ್ಬರಿನದನ್ನು ಈ ಮುಳ್ಳು ತೂರಿ ಬರುತ್ತದೆ. ಮೊದಲು ಕಾಯಿ-ಹಣ್ಣನ್ನೆಲ್ಲ ಗೊಬ್ಬರದ ಚೀಲವೊಂದಕ್ಕೆ ಬಿಡಿಸಿಕೊಳ್ಳಿ, ನೆಲಕ್ಕೆ ಉದುರಿದ್ದನ್ನೂ ಸೇರಿಸಿ. ಆಮೇಲೆ ಒಂದು ಗೇಣು ಬುಡ ಬಿಟ್ಟು ಗಿಡವನ್ನು ಕತ್ತಿಯಿಂದ ಕಡಿಯಿರಿ. ಉಳಿದ ಬುಡವೇ ಹಿಡಿಕೆ. ಸುತ್ತ ಪಿಕಾಸಿಯಿಂದ ಸಡಿಲ ಮಾಡಿ, ಅಡ್ಡಬೇರುಗಳ ಸಮೇತ ಎತ್ತಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ನೆಲಮಟ್ಟಕ್ಕೆ ಸವರಿ ಕೈತೊಳೆದುಕೊಳ್ಳುತ್ತಾರೆ. ಬೇರಿನ ಮೇಲಿನ ಮೊಗ್ಗುಗಳು ತಿಂಗಳೊಪ್ಪತ್ತಿನಲ್ಲಿ ಒಂದಕ್ಕೆ ನಾಲ್ಕು ಚಿಗುರು ತಳ್ಳುತ್ತವೆ. ಮೂರು ವಾರ ಬಿಟ್ಟು ಅದೇ ಜಾಗವನ್ನು ಇನ್ನೊಮ್ಮೆ ನೋಡಿ. ಕಾಯಿಯ ಚೀಲವನ್ನು ಒಣಗಿಸಿ ಸುಡಿ, ಇಲ್ಲವೇ ಮೂರಡಿ ಆಳದಲ್ಲಿ ಹೂಳಿ. ಗೊಬ್ಬರಗುಂಡಿಗೆ ಮಾತ್ರ ಬೇಡವೇ ಬೇಡ, ಮನೆಯ ಗುಂಡಿ ಬೀಜ ಸಾಯುವಷ್ಟು ಬಿಸಿಯಾಗುವುದು ಅಪರೂಪ.

ಕಳೆನಾಶಕದ ಬಗ್ಗೆ ಕೇಳಿಲ್ಲ, ಆದರೂ ಹೇಳಬೇಕು. ಗ್ಲೈಫೋಸೇಟ್ ಸಿಂಪಡಣೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಕೀಟ ನಿಯಂತ್ರಣದ ಪರವಾನಗಿ ಇರುವವರಿಗೆ ಮಾತ್ರ ಸೀಮಿತಗೊಳಿಸಿತು. ಹತ್ತಿಪ್ಪತ್ತು ಗಿಡಕ್ಕೆ ಅದರ ಅಗತ್ಯವೂ ಇಲ್ಲ, ಒಂದು ಬೆಳಗಿನ ಕೆಲಸ.

ಪ್ರಶ್ನೆ: ನಮ್ಮಲ್ಲಿ ಎರಡು ಬಗೆಯ ಮುಟ್ಟಿದರೆ ಮುನಿ ಇದೆ. ಒಂದು ನೆಲದ ಮೇಲೆ ಹರಡುತ್ತದೆ, ಇನ್ನೊಂದು ತೆಂಗಿನ ಸಸಿಗಳ ಮೇಲೆಯೇ ಹತ್ತಿ ಮುಚ್ಚಿಬಿಡುತ್ತದೆ, ಹೊಕ್ಕರೆ ಬಟ್ಟೆ ಹರಿಯುತ್ತದೆ. ಕಳೆದ ಬೇಸಿಗೆಯಲ್ಲಿ ಸುಟ್ಟೆವು. ಈ ಮಳೆಗೆ ಮೊದಲಿಗಿಂತ ಹೆಚ್ಚು ಬಂತು. ಏಕೆ?
– ಪುತ್ತೂರು

ಉತ್ತರ: ಸುಟ್ಟಿದ್ದರಿಂದಲೇ ಹೆಚ್ಚು ಬಂತು. ಎರಡರ ಬೀಜಕ್ಕೂ ನೀರು ಒಳಗಿಳಿಯದಂಥ ಗಟ್ಟಿ ಸಿಪ್ಪೆ. ವರ್ಷಾನುಗಟ್ಟಲೆ ಮಣ್ಣಿನಲ್ಲಿ ಮೊಳೆಯದೆ ಬಿದ್ದಿರುವುದು ಆ ಸಿಪ್ಪೆಯಿಂದ. ಬೆಂಕಿಯ ಕಾವಿಗೆ ಮೇಲ್ಪದರದ ಬೀಜ ಸಾಯಬಹುದು. ಅರ್ಧ-ಒಂದು ಇಂಚು ಕೆಳಗಿದ್ದವಕ್ಕೆ ಸಿಪ್ಪೆ ಬಿರಿಯುವಷ್ಟು ಹದವಾದ ಶಾಖ ಸಿಗುತ್ತದೆ. ಮೊದಲ ಮಳೆಗೆ ಎಲ್ಲ ಒಟ್ಟಿಗೆ ಏಳುತ್ತವೆ.

ಹತ್ತುವ ಬಗೆ ಮಿಮೋಸಾ ಡಿಪ್ಲೋಟ್ರಿಕಾ. ಮಾಮೂಲಿ ನಾಚಿಕೆಮುಳ್ಳಿಗೂ ಇದಕ್ಕೂ ವ್ಯತ್ಯಾಸ ನೋಡಲು ಹೂ ಬೇಕಿಲ್ಲ, ಎರಡರದ್ದೂ ಗುಲಾಬಿ ಬಣ್ಣದ ಚೆಂಡೇ. ಎಲೆ ಎಣಿಸಿ. ನಾಚಿಕೆಮುಳ್ಳಿನಲ್ಲಿ ಎಲೆತೊಟ್ಟಿನ ತುದಿಯ ಒಂದೇ ಜಾಗದಿಂದ ಎರಡೋ ನಾಲ್ಕೋ ಗರಿ ಬೆರಳು ಬಿಡಿಸಿದಂತೆ ಹೊರಡುತ್ತವೆ. ಡಿಪ್ಲೋಟ್ರಿಕಾದಲ್ಲಿ ತೊಟ್ಟಿನುದ್ದಕ್ಕೂ ನಾಲ್ಕರಿಂದ ಒಂಬತ್ತು ಜೋಡಿ ಗರಿ. ಕಾಂಡವನ್ನು ಕತ್ತರಿಸಿ ಅಡ್ಡಕ್ಕೆ ನೋಡಿ: ಒಂದು ದುಂಡು, ಇನ್ನೊಂದು ನಾಲ್ಕೈದು ಏಣಿನದು. ಆ ಏಣುಗಳ ಮೇಲೆ ಸಾಲಾಗಿ ಕೆಳಮುಖದ ಕೊಕ್ಕೆಗಳು. ತುದಿಯಿಂದ ಬುಡಕ್ಕೆ ಬೆರಳಾಡಿಸಿದರೆ ಸುಮ್ಮನಿರುತ್ತದೆ, ಬುಡದಿಂದ ತುದಿಗೆ ಎಳೆದರೆ ಹಿಡಿಯುತ್ತದೆ. ನಿಮ್ಮ ಬಟ್ಟೆ ಹರಿಯುವುದೂ, ಅದು ತೆಂಗಿನ ಗರಿ ಹಿಡಿದು ಹತ್ತುವುದೂ ಈ ಕೊಕ್ಕೆಯಿಂದಲೇ. ಮುಟ್ಟಿದರೆ ಮಡಚುತ್ತದೆ, ಆದರೆ ನಿಧಾನ.

ದನಕ್ಕೆ ಕೊಯ್ದು ಹಾಕಬೇಡಿ. ಮಿಮೋಸಿನ್ ಎಂಬ ವಿಷವಸ್ತು ಇದರಲ್ಲಿದೆ. ರಬ್ಬರ್ ತೋಟದಲ್ಲಿ ನೆಲಹೊದಿಕೆಗೆ ಬೆಳೆಸುತ್ತಿದ್ದ ಮುಳ್ಳಿಲ್ಲದ ಬಗೆಯೂ ಇದೆ. ಮುಳ್ಳಿಲ್ಲ ಎಂದು ಅದನ್ನು ಮೇವಾಗಿಸುವುದು ಇನ್ನೂ ಅಪಾಯ.

ಇನ್ನು ಮುಂದೆ ಬೆಂಕಿ ಬಿಡಿ. ಹೂ ಕಚ್ಚುವ ಮೊದಲೇ, ಅಂದರೆ ಮಳೆಗಾಲದ ನಡುವಿನಲ್ಲಿ, ಕೆಲಸ ಶುರು ಮಾಡಬೇಕು. ಉದ್ದ ಹಿಡಿಯ ಕತ್ತಿಯಿಂದ ಬಳ್ಳಿಯನ್ನು ಸಸಿಯಿಂದ ಬಿಡಿಸಿ, ಬುಡವನ್ನು ಗುದ್ದಲಿಯಿಂದ ನೆಲದೊಳಗೆ ಎರಡು ಇಂಚು ಕೆಳಗೆ ಕತ್ತರಿಸಿ. ಕಾಂಡ ಬೇರಿಗೆ ಸೇರುವ ಗಂಟಿನ ಕೆಳಗೆ ಏಟು ಬಿದ್ದರೆ ಮತ್ತೆ ಚಿಗುರುವುದಿಲ್ಲ, ಮೇಲೆ ಬಿದ್ದರೆ ಪೊದೆಯಾಗುತ್ತದೆ. ಹೂ-ಕಾಯಿ ಇಲ್ಲದ ಬಳ್ಳಿಯನ್ನು ಅಲ್ಲೇ ಒಣಗಲು ಬಿಡಬಹುದು. ಕಾಯಿ ಬಲಿತಿದ್ದರೆ ಅಲುಗಾಡಿಸಬೇಡಿ. ಕಾಯಿ ಒಂದೊಂದು ಬೀಜದ ತುಂಡಾಗಿ ಮುರಿದು ಪಂಚೆಗೂ ನಾಯಿಯ ಮೈಗೂ ಅಂಟಿ ಊರೆಲ್ಲ ಸುತ್ತುತ್ತದೆ. ತೆರವಾದ ಜಾಗಕ್ಕೆ ಸೋಗೆಯೋ ತರಗೆಲೆಯೋ ನಾಲ್ಕೈದು ಇಂಚು ಹಾಸಿ. ಮೊದಲ ಎರಡು ವರ್ಷ ಸಸಿ ಏಳುತ್ತಲೇ ಇರುತ್ತದೆ. ನಾಲ್ಕೆಲೆಯ ಹಂತದಲ್ಲಿ ಕೊಕ್ಕೆ ಮೆತ್ತಗಿರುತ್ತದೆ, ಹಸಿಮಣ್ಣಿನಿಂದ ಬರಿಗೈಯಲ್ಲೇ ಕೀಳಬಹುದು.

ನೆಲದ ನಾಚಿಕೆಮುಳ್ಳು ಅಷ್ಟು ಕಾಟದ್ದಲ್ಲ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ. ನಡೆದಾಡುವ ದಾರಿಯಲ್ಲಿ ಮಾತ್ರ ತೆಗೆದರೆ ಸಾಕು.

ಪ್ರಶ್ನೆ: ತಾರಸಿಯ ಕುಂಡಗಳಲ್ಲಿ ಹರಿವೆ ಬಿತ್ತಿದೆ. ನಡುನಡುವೆ ಮುಳ್ಳಿರುವ ಹರಿವೆಯೂ ಬಂದಿದೆ. ಬೀಜದ ಅಂಗಡಿಯವರು ಮೋಸ ಮಾಡಿದರೇ? ತಿನ್ನಬಹುದೇ?
– ಬೆಂಗಳೂರು

ಉತ್ತರ: ಅಂಗಡಿಯವರಿಗಿಂತ ಮೊದಲು ಗೊಬ್ಬರದ ಮೇಲೆ ಅನುಮಾನ ಪಡಿ. ಇದು ಮುಳ್ಳುಹರಿವೆ. ಕೊಟ್ಟಿಗೆ ಗೊಬ್ಬರ ಅರೆಬರೆ ಕಳಿತಿದ್ದರೆ, ಕುಂಡಕ್ಕೆ ತುಂಬುವ ಕೆಂಪುಮಣ್ಣು ಯಾವುದೋ ಖಾಲಿ ಸೈಟಿನದಾಗಿದ್ದರೆ, ಬೀಜ ಅದರ ಜೊತೆ ಬರುತ್ತದೆ. ಒಂದು ಮಿಲಿಮೀಟರ್ ಗಾತ್ರದ ಹೊಳೆಯುವ ಕಪ್ಪು ಬೀಜ, ಒಂದು ದೊಡ್ಡ ಗಿಡದಲ್ಲಿ ಲಕ್ಷಕ್ಕೂ ಮೇಲೆ. ಹರಿವೆ ಬೀಜದ ಪೊಟ್ಟಣದಲ್ಲಿ ಬೆರೆತಿದ್ದರೂ ಕಣ್ಣಿಗೆ ಬೇರ್ಪಡದು.

ಮುಳ್ಳು ಇರುವ ಜಾಗ ನೋಡಿ: ಎಲೆತೊಟ್ಟು ಕಾಂಡಕ್ಕೆ ಸೇರುವಲ್ಲಿ, ಒಂದೊಂದು ಗೆಣ್ಣಿನಲ್ಲೂ ಸರಿಯಾಗಿ ಎರಡು, ಎತ್ತಿನ ಕೊಂಬಿನಂತೆ ಅಗಲಿ ನಿಂತಿರುತ್ತವೆ. ಎಲೆಯ ಮೇಲಾಗಲಿ ಗೆಣ್ಣುಗಳ ನಡುವಿನ ಕಾಂಡದಲ್ಲಾಗಲಿ ಒಂದೂ ಇಲ್ಲ. ಕಾಂಡ ಸಾಮಾನ್ಯವಾಗಿ ಕೆಂಪುಛಾಯೆಯದು. ಸಣ್ಣ ಸಸಿಯಲ್ಲಿ ಕಣ್ಣಿಗಿಂತ ಬೆರಳೇ ಲೇಸು, ಬುಡದಿಂದ ಮೇಲಕ್ಕೆ ಸವರಿದರೆ ಚುಚ್ಚು ತಿಳಿಯುತ್ತದೆ.

ಎಳೆಯ ಕುಡಿಯನ್ನು ಬೇಯಿಸಿ ತಿನ್ನುವ ರೂಢಿ ಇದೆ, ವಿಷವಲ್ಲ. ಆದರೆ ಗೊಬ್ಬರ ಜಾಸ್ತಿ ಬಿದ್ದು ನೀರಿಗೆ ಬರ ಬಂದ ಕುಂಡದ ಗಿಡದಲ್ಲಿ ನೈಟ್ರೇಟ್ ಶೇಖರವಾಗುತ್ತದೆ. ಅಂಥದ್ದು ಬೇಡ. ಕುದಿಸಿ ನೀರು ಬಸಿದರೆ ಸಾಕಷ್ಟು ಇಳಿಯುತ್ತದೆ. ಮುಳ್ಳು ಬಿಡಿಸುವ ರಗಳೆ ನೋಡಿದರೆ ಬಿತ್ತಿದ ಹರಿವೆಯನ್ನೇ ತಿನ್ನುವುದು ಜಾಣತನ.

ಈ ಬೀಜ ಮೊಳೆಯುವುದು ಮೇಲ್ಮಣ್ಣಿನಲ್ಲಿ, ಬೆಳಕು ತಾಗಿದರೆ ಸಲೀಸು. ಕುಂಡದ ಮಣ್ಣನ್ನು ಪ್ರತಿ ಬೆಳೆಗೂ ತಿರುವಿಹಾಕಿದಷ್ಟೂ ಅಡಿಯ ಬೀಜ ಮೇಲೆ ಬರುತ್ತದೆ. ಬಿತ್ತನೆಗೆ ಹದಿನೈದು ದಿನ ಮೊದಲು ಮಣ್ಣಿಗೆ ನೀರು ಕೊಟ್ಟು, ಎದ್ದ ಸಸಿಗಳನ್ನೆಲ್ಲ ಸವರಿ ತೆಗೆದು, ಮತ್ತೆ ಕೆದಕದೆ ಹರಿವೆ ಬಿತ್ತಿ. ಕಿತ್ತ ಮುಳ್ಳುಹರಿವೆ ಕಾಂಪೋಸ್ಟಿಗೆ ಹಾಕಿದರೆ ಎಲೆ-ಕಾಂಡ ಕರಗಿಹೋಗಿ ಮುಳ್ಳು ಹಾಗೇ ಉಳಿಯುತ್ತದೆ, ಆಮೇಲೆ ಗೊಬ್ಬರ ಮುಟ್ಟಿದಾಗ ಗೊತ್ತಾಗುತ್ತದೆ.

ಪ್ರಶ್ನೆ: ಒಣಗಿದ ಕೆರೆಯಂಗಳದಲ್ಲಿ, ಹೊಲದ ಬದುವಿನಲ್ಲಿ ಹಳದಿ ಹೂವಿನ ಮುಳ್ಳುಗಿಡ. ಎಲೆ ಬೂದಿ-ಹಸಿರು, ನರ ಬಿಳಿ. ಬೀಜ ಥೇಟ್ ಸಾಸಿವೆ. ಊರಲ್ಲಿ ಬ್ರಹ್ಮದಂಡೆ ಎನ್ನುತ್ತಾರೆ, ಬೇರೆಯವರು ದತ್ತೂರಿ ಎನ್ನುತ್ತಾರೆ. ಯಾವುದು ಸರಿ?
– ಹಿರಿಯೂರು

ಉತ್ತರ: ಹೆಸರಿನ ಜಗಳ ಬಿಡಿ. ಬ್ರಹ್ಮದಂಡೆ ಎಂದು ಇದನ್ನೂ ಕರೆಯುತ್ತಾರೆ, ಚೆಂಡಿನಂಥ ಮುಳ್ಳುಹೂವಿನ ಎಕಿನಾಪ್ಸ್ ಎಂಬ ಬೇರೊಂದು ಗಿಡವನ್ನೂ ಕರೆಯುತ್ತಾರೆ. ದತ್ತೂರಿ ಎಂದರೆ ಬಿಳಿ ತುತ್ತೂರಿ ಹೂವಿನ ಉಮ್ಮತ್ತಿಯೊಂದಿಗೆ ಗೊಂದಲ. ನಿಮ್ಮದು ಆರ್ಜಿಮೋನ್ ಮೆಕ್ಸಿಕಾನಾ. ಎಲೆಯನ್ನು ಮುರಿಯಿರಿ: ಅರಿಶಿನ ಕದಡಿದಂಥ ಹಳದಿ ಹಾಲು ಒಸರಿದರೆ ಮುಗಿಯಿತು, ಇಲ್ಲಿ ಹೇಳಿದ ಬೇರೆ ಯಾವ ಗಿಡಕ್ಕೂ ಅದಿಲ್ಲ. ಮೊಗ್ಗಿನ ತಲೆಯಲ್ಲಿ ಮೂರು ಪುಟ್ಟ ಕೊಂಬೂ ಕಾಣುತ್ತವೆ. ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡಿ.

ಬೀಜವೇ ಮುಖ್ಯ ವಿಷಯ. ಸಾಸಿವೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ ಭೂತಗನ್ನಡಿಯಲ್ಲಿ ನೋಡಿದರೆ ನಯವಾಗಿ ದುಂಡಗಿರುತ್ತದೆ. ಇದರ ಬೀಜ ಹೆಚ್ಚು ಕಪ್ಪು, ಮೈಮೇಲೆ ಬಲೆ ನೇಯ್ದಂತೆ ಗುಳಿಗಳು, ಒಂದು ಕಡೆ ಸಣ್ಣ ಏಣು. ಇದರಲ್ಲಿರುವ ಸ್ಯಾಂಗ್ವಿನರಿನ್ ಸಾಸಿವೆ ಎಣ್ಣೆಗೆ ಸೇರಿದರೆ ಕಾಲು ಊದುವ ‘ಡ್ರಾಪ್ಸಿ’ ಬರುತ್ತದೆ, ಹೃದಯ ಸೋಲುವ ಮಟ್ಟಕ್ಕೂ ಹೋಗುತ್ತದೆ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಎಣ್ಣೆಯಿಂದ ಹೀಗೇ ಆಗಿ ಜನ ಸತ್ತರು. ಎಣ್ಣೆಗೆ ಸಮನಾಗಿ ಗಟ್ಟಿ ನೈಟ್ರಿಕ್ ಆಮ್ಲ ಸೇರಿಸಿ ಕುಲುಕಿದಾಗ ಆಮ್ಲದ ಪದರ ಕಿತ್ತಳೆ-ಕೆಂಪಿಗೆ ತಿರುಗಿದರೆ ಬೆರಕೆಯ ಗುಮಾನಿ. ಇದು ಪ್ರಯೋಗಾಲಯದ ಕೆಲಸ, ಅಡುಗೆಮನೆಯದಲ್ಲ. ನೀವು ಮಾಡಬೇಕಾದ್ದು: ಸಾಸಿವೆ ಬೆಳೆದ ಹೊಲದಲ್ಲಿ ಕೊಯ್ಲಿಗೆ ಮೊದಲು ಒಂದು ಸುತ್ತು ಹೋಗಿ ಇದನ್ನು ಕಿತ್ತುಹಾಕಿ. ಒಂದೇ ಋತುವಿನ ಗಿಡ. ಚಳಿಗಾಲದ ಆರಂಭದಲ್ಲಿ ಎಲೆಗಳು ನೆಲಕ್ಕೆ ಚಕ್ರದಂತೆ ಹರಡಿರುವಾಗಲೇ ಕುರ್ಚಿಗೆಯಿಂದ ತಾಯಿಬೇರು ಕತ್ತರಿಸಿದರೆ ಮತ್ತೆ ಬಾರದು. ಕಾಯಿ ಬಿರಿದ ಮೇಲೆ ಕೀಳುವುದು ಬಿತ್ತಿದಂತೆಯೇ.

ಪ್ರಶ್ನೆ: ಗದ್ದೆಯ ಬದುವಿನಲ್ಲಿ, ನೀರು ನಿಂತ ಕಡೆ, ಗೆಣ್ಣಿಗೊಂದು ಸುತ್ತು ಮುಳ್ಳಿರುವ, ನೇರಳೆ ಹೂವಿನ ಗಿಡ ಯಾವುದು?
– ಮಂಡ್ಯ

ಉತ್ತರ: ಕೊಳವಳಿಕೆ. ಎಣಿಸಿ ನೋಡಿ, ಗೆಣ್ಣಿಗೆ ಆರು ಹಳದಿ ಮುಳ್ಳು. ನೀರು ಬಸಿದುಹೋಗುವ ಕಡೆ ನಿಲ್ಲುವುದಿಲ್ಲ, ಬದುವಿನ ಕಾಲುವೆ ಬಿಡಿಸಿದರೆ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ನೆಗ್ಗಿಲು ಮತ್ತು ಆನೆನೆಗ್ಗಿಲು ಒಂದೇ ಗಿಡದ ಸಣ್ಣ-ದೊಡ್ಡ ರೂಪವೇ? ಹೊಲದ ದಾರಿಯಲ್ಲಿ ಸೈಕಲ್ ಟ್ಯೂಬ್ ಉಳಿಯುತ್ತಿಲ್ಲ. ಕುರಿಗಳಿಗೆ ತೊಂದರೆ ಇದೆಯೇ?
– ಕೊಪ್ಪಳ

ಉತ್ತರ: ಅಲ್ಲ, ಕುಲವೇ ಬೇರೆ. ನೆಗ್ಗಿಲು ನೆಲದ ಮೇಲೆ ಚಾಪೆಯಂತೆ ಹರಡುತ್ತದೆ, ಹುಣಸೆ ಎಲೆಯಂತೆ ಜೋಡಿ ಎಲೆಗಳು, ಐದು ಬಿಡಿ ಎಸಳಿನ ಹಳದಿ ಹೂ. ಕಾಯಿ ಒಣಗಿದಾಗ ಐದು ತುಂಡಾಗುತ್ತದೆ, ತುಂಡು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿ ನಿಲ್ಲುತ್ತದೆ. ನಿಮ್ಮ ಟ್ಯೂಬ್ ತೂತಾಗುವುದು ಅದರಿಂದ. ಆನೆನೆಗ್ಗಿಲಿನ ಎಲೆ ದಪ್ಪ, ರಸಭರಿತ, ಹೂ ಕೊಳವೆಯಂತೆ. ಕಾಯಿ ಒಡೆಯುವುದಿಲ್ಲ, ನಾಲ್ಕು ಮೂಲೆಗೆ ನಾಲ್ಕು ಮುಳ್ಳು. ಅದರ ಹಸಿಕೊಂಬೆಯನ್ನು ಒಂದು ಲೋಟ ನೀರಿನಲ್ಲಿ ನಿಮಿಷ ಹೊತ್ತು ಆಡಿಸಿ. ನೀರು ಮೊಟ್ಟೆಯ ಬಿಳಿಯಂತೆ ಲೋಳೆಯಾದರೆ ಆನೆನೆಗ್ಗಿಲು.

ಕುರಿಗಳಿಗೆ ನೆಗ್ಗಿಲು ಅಲ್ಲಿ ಇಲ್ಲಿ ಬಾಯಿಗೆ ಸಿಕ್ಕರೆ ಚಿಂತೆಯಿಲ್ಲ. ಬೇರೆ ಮೇವಿಲ್ಲದೆ ಅದನ್ನೇ ದಿನಗಟ್ಟಲೆ ಮೇದರೆ ಯಕೃತ್ತು ಕೆಡುತ್ತದೆ. ಆಗ ಬಿಸಿಲು ತಾಗಿದ ಮುಖ, ಕಿವಿ ಊದಿಕೊಳ್ಳುತ್ತವೆ, ಚರ್ಮ ಸುಲಿಯುತ್ತದೆ. ಹಾಗೆ ಕಂಡ ಕುರಿಯನ್ನು ತಕ್ಷಣ ನೆರಳಿಗೆ ಕಟ್ಟಿ, ಮೇವು ಬದಲಿಸಿ, ಪಶುವೈದ್ಯರನ್ನು ಕರೆಸಿ.

ದಾರಿಯಲ್ಲಿ ಬಿದ್ದಿರುವ ಒಣ ಮುಳ್ಳಿಗೆ ಹಳೇ ಗೋಣಿಚೀಲ ನೆನೆಸಿ ಅದರ ಮೇಲೆ ಕಲ್ಲಿಟ್ಟು ಎಳೆದುಕೊಂಡು ಹೋಗಿ. ಮುಳ್ಳು ನಾರಿಗೆ ಸಿಕ್ಕಿಕೊಳ್ಳುತ್ತದೆ. ಎರಡು ಸಲ ಎಳೆದ ಮೇಲೆ ಚೀಲವನ್ನು ಒಣಗಿಸಿ ಸುಟ್ಟುಬಿಡಿ.